ಕುಟ್ಟೆ ಹಿಡಿದ ನಾಯಿಗೂಡಿಗೆ ಔಷಧಿ ಹೊಡೆಯುವ ಮೊದಲು

ನಾಯಿಗೂಡಿನ ಕೆಳಗೋ, ಬೆಕ್ಕು ಮಲಗುವ ಹಳೇ ಮರಿಗೆಯ (ಮರದ ತೊಟ್ಟಿಯ) ಸುತ್ತಲೋ ಬೆಳಿಗ್ಗೆ ಗುಡಿಸುವಾಗ ಅಕ್ಕಿಹಿಟ್ಟಿನಷ್ಟು ನುಣುಪಾದ ಪುಡಿ ಬಿದ್ದಿದ್ದರೆ ಅದು ಮರ ಕೊರೆಯುವ ಕುಟ್ಟೆ ಹುಳುವಿನ ಕೆಲಸ. ಮರದಲ್ಲಿ ಒಂದೆರಡು ಮಿಲಿಮೀಟರ್ ಅಗಲದ ದುಂಡು ತೂತುಗಳೂ ಕಾಣುತ್ತವೆ. ಮಣ್ಣಿನ ಗೆರೆ ಇದ್ದರೆ ಒರಲೆ (ಗೆದ್ದಲು), ಅದರ ಕಥೆ ಬೇರೆ. ಕಿರುಬೆರಳು ತೂರುವಷ್ಟು ದೊಡ್ಡ ತೂತಾದರೆ ಕರಿ ದುಂಬಿ. ಪುಡಿಯ ಬದಲು ಸಣ್ಣ ಸಣ್ಣ ಗಟ್ಟಿ ಕಾಳು ಉದುರುತ್ತಿದ್ದರೆ ಅದು ಒಣಮರದೊಳಗೇ ಬದುಕುವ ಇನ್ನೊಂದು ಜಾತಿಯ ಒರಲೆ.

ಕುಟ್ಟೆ ಹುಳು ನಾಯಿ ಬೆಕ್ಕನ್ನು ಕಚ್ಚುವುದಿಲ್ಲ. ಅಪಾಯ ಇರುವುದು ನಾವು ಅದಕ್ಕೆ ಹಾಕುವ ಔಷಧಿಯಲ್ಲಿ. ನಾವು ಗೂಡನ್ನು ಬರೀ ನೋಡುತ್ತೇವೆ, ನಾಯಿ ಅದನ್ನೇ ಕಚ್ಚುತ್ತದೆ, ನೆಕ್ಕುತ್ತದೆ, ಮೂಗು ಅಂಟಿಸಿ ಇಡೀ ರಾತ್ರಿ ಮಲಗುತ್ತದೆ. ಅಲ್ವಾ?

ಇನ್ನೊಂದು ವಿಷಯ. ಕಾಣುವ ತೂತು ಹುಳು ಒಳಗೆ ಹೋದದ್ದಲ್ಲ, ರೆಕ್ಕೆ ಬಂದು ಹೊರಗೆ ಹಾರಿದ್ದು. ಹಾಗಾಗಿ ಹಳೇ ತೂತು ನೋಡಿ ಗಾಬರಿ ಬೇಡ. ಇರುವ ತೂತುಗಳಿಗೆ ಮೇಣ ತುಂಬಿ, ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ವಾರ ಬಿಡಿ. ಹೊಸ ಪುಡಿ ಬಿತ್ತು, ಹೊಸ ತೂತು ಬಂತು ಅಂದರೆ ಒಳಗೆ ಮರಿ ಇದೆ. ಏನೂ ಇಲ್ಲದಿದ್ದರೆ ಹುಳು ಬಿಟ್ಟು ಹೋಗಿರಬಹುದು, ಆದರೂ ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ನೋಡಿ, ಯಾಕೆಂದರೆ ಮರಿ ಮರದೊಳಗೇ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕಿಂತ ಜಾಸ್ತಿ ಸುಮ್ನೆ ತಿನ್ನುತ್ತಾ ಇರುತ್ತದೆ.

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಈಗ ಗೂಡು ಮಾಡಿಸುವುದು ಹೆಚ್ಚಾಗಿ ರಬ್ಬರ್ ಮರದಲ್ಲಿ, ಅಗ್ಗ ಅಂತ. ಔಷಧಿ ಉಣಿಸದ ರಬ್ಬರ್ ಮರದಲ್ಲಿ ಪಿಷ್ಟ ಜಾಸ್ತಿ, ಕುಟ್ಟೆಗೆ ಅದೇ ಊಟ. ಮಾವು, ಬಿದಿರು ಕೂಡ ಹಾಗೇ. ಹಲಸಿನಲ್ಲಿ ಹಳದಿ ತಿರುಳು ಗಟ್ಟಿ, ಹೊರಗಿನ ಬಿಳಿ ಭಾಗಕ್ಕೆ ಹಿಡಿಯುತ್ತದೆ. ಗುಜರಿಯಿಂದ ಪ್ಯಾಕಿಂಗ್ ಹಲಗೆ ತಂದು ಗೂಡು ಮಾಡುವವರು ಅದರ ಮುದ್ರೆ ನೋಡಿ. ‘ಎಚ್‌ಟಿ’ (HT) ಅಂತ ಇದ್ದರೆ ಬಿಸಿಯಲ್ಲಿ ಶುದ್ಧ ಮಾಡಿದ್ದು, ‘ಎಂಬಿ’ (MB) ಅಂತ ಇದ್ದರೆ ವಿಷದ ಗ್ಯಾಸ್ ಹಾಕಿದ್ದು. ಎರಡನೆಯದನ್ನು ಮುಟ್ಟಬೇಡಿ.

ಈಗ ಏನು ಮಾಡಬಾರದು ಅಂತ. ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ, ನಮ್ಮ ಅಜ್ಜಂದಿರ ಕಾಲದ ಮದ್ದು. ಮಾಡಿನ (ಛಾವಣಿಯ) ಪಕ್ಕಾಸಿಗೆ ಹಚ್ಚಲು ಒಳ್ಳೆಯದೇ, ಆದರೆ ಅದು ಚರ್ಮ ಸುಡುತ್ತದೆ. ಗೇರುಬೀಜ ಸುಟ್ಟು ಕೈ ಬೊಬ್ಬೆ ಬಂದವರಿಗೆ ಗೊತ್ತು, ನಾಯಿಯ ಮೂತಿಗೆ ತಾಗಿದರೂ ಅದೇ ಗತಿ. ಸೀಮೆಎಣ್ಣೆ ಕೂಡ ಬೇಡ, ನೆಕ್ಕಿ ಶ್ವಾಸಕೋಶಕ್ಕೆ ಇಳಿದರೆ ಕೆಟ್ಟದ್ದು. ಒರಲೆಗೆ ಅಂತ ಅಂಗಡಿಯಲ್ಲಿ ಕೊಡುವ ಕ್ಲೋರ್‌ಪೈರಿಫಾಸ್ ನರಗಳಿಗೆ ಹೊಡೆಯುವ ವಿಷ. ಪರ್‌ಮೆಥ್ರಿನ್, ಸೈಪರ್‌ಮೆಥ್ರಿನ್ ಅನ್ನುವ ಕೀಟನಾಶಕಗಳ ಬಗ್ಗೆ ಬೆಕ್ಕಿರುವ ಮನೆಯವರು ವಿಶೇಷವಾಗಿ ಕೇಳಿ: ನಾಯಿ ತಡೆದುಕೊಳ್ಳುವಷ್ಟು ಪರ್‌ಮೆಥ್ರಿನ್ ಕೂಡ ಬೆಕ್ಕನ್ನು ಕೊಲ್ಲಬಹುದು, ಬೆಕ್ಕಿನ ಪಿತ್ತಜನಕಾಂಗಕ್ಕೆ ಅದನ್ನು ಕರಗಿಸುವ ಶಕ್ತಿ ತೀರಾ ಕಡಿಮೆ. ಮೀನಿನ ತೊಟ್ಟಿ ಹತ್ತಿರ ಅಂತೂ ತರಲೇಬೇಡಿ. ಅಕ್ಕಿ ದಾಸ್ತಾನಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಗೂಡಿನೊಳಗೆ ಇಟ್ಟು ಗೋಣಿ ಮುಚ್ಚುವ ಐಡಿಯಾ ಕೊಡುವವರಿದ್ದಾರೆ, ಅದರ ಗ್ಯಾಸಿಗೆ ಮನುಷ್ಯರೇ ಸಾಯುತ್ತಾರೆ.

ಎಂಡೋಸಲ್ಫಾನ್ ಕಂಡ ಊರಿನವರಿಗೆ ಇಷ್ಟೆಲ್ಲ ಬಿಡಿಸಿ ಹೇಳಬೇಕಾಗಿರಲಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಆ ವಿಷವನ್ನು ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ತಡೆದದ್ದು 2011ರಲ್ಲಿ. ಆದರೂ ಮನೆಯಂಗಳದಲ್ಲಿ ಬೇರೆ ಔಷಧಿಗಳನ್ನು ಮುಚ್ಚಳದ ಲೆಕ್ಕದಲ್ಲಿ ಸುರಿಯುವುದು ನಿಂತಿಲ್ಲ ನೋಡಿ.

ಹಾಗಾದರೆ ಏನು ಮಾಡುವುದು? ಬಿಸಿ ಅಥವಾ ತಂಪು.

ಹಕ್ಕಿ ಕೂರುವ ಕೋಲು, ಮರದ ಆಟಿಕೆ, ಬಾಚಣಿಗೆಯಂಥ ಸಣ್ಣ ಸಾಮಾನು ಆದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದ ಹಾಗೆ ಕಟ್ಟಿ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ಮಧ್ಯೆ ಕರೆಂಟು ಹೋಗಿ ಐಸ್ ಕರಗಿದರೆ ಲೆಕ್ಕ ಮೊದಲಿನಿಂದ. ಮಳೆ ಜೋರಿರುವ ಆಟಿ ತಿಂಗಳಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ ಅನ್ನುವುದು ಅದಕ್ಕೇ. ಹೊರಗೆ ತೆಗೆದ ಮೇಲೂ ಚೀಲ ಕೂಡಲೇ ಬಿಚ್ಚಬೇಡಿ, ಮರದ ಮೇಲೆ ನೀರು ಕೂರುತ್ತದೆ. ಅಂಟು ಹಾಕದ ತೆಳು ಕೋಲನ್ನು ಅರ್ಧ ಗಂಟೆ ಕುದಿಸಿ ಬಿಸಿಲಿಗೆ ಹಾಕಿದರೂ ಆಯಿತು. ಹಕ್ಕಿಯ ಕೋಲಿಗೆ ಪಾಲಿಶ್, ಪೇಂಟ್ ಏನೂ ಬೇಡ, ಹಳತಾದರೆ ಬದಲಿಸಿ.

ದೊಡ್ಡ ಗೂಡಿಗೆ ಬಿಸಿಲೇ ಗತಿ. ಮರದ ಒಳಭಾಗಕ್ಕೆ 56 ಡಿಗ್ರಿ ಬಿಸಿ ಅರ್ಧ ಗಂಟೆ ತಾಗಬೇಕು, ಹಡಗಿನಲ್ಲಿ ಹೋಗುವ ಹಲಗೆಗೂ ಇದೇ ನಿಯಮ. ಗೂಡನ್ನು ಬಿಚ್ಚಿ, ಹಲಗೆಗಳನ್ನು ಕಪ್ಪು ಪ್ಲಾಸ್ಟಿಕಿನಲ್ಲಿ ಸುತ್ತಿ ಏಪ್ರಿಲ್ ಬಿಸಿಲಿಗೆ ಅಂಗಳದ ಸಿಮೆಂಟಿನ ಮೇಲೆ ಹಾಕಿ. ಅಡಿಕೆ ಒಣಗಿಸುವ ಸೋಲಾರ್ ಡ್ರೈಯರ್ ಇದ್ದವರು ಅದರೊಳಗೇ ಇಡಬಹುದು. ಅಂದಾಜು ಬೇಡ: ದಪ್ಪ ಹಲಗೆಗೆ ಒಂದು ತೂತು ಕೊರೆದು ಅಡುಗೆಯ ಥರ್ಮಾಮೀಟರ್ ತೂರಿಸಿ ನೋಡಿ. ಹೊರಗೆ ಕೈ ಸುಟ್ಟರೂ ಒಳಗೆ ಬಿಸಿ ಏರಿರುವುದಿಲ್ಲ, ಬಿಸಿಲಿನಲ್ಲಿ ಕೆಲಸ ಕೆಡುವುದು ಅಲ್ಲೇ.

ಗೂಡಿನ ಕಾಲು, ಅಡಿಭಾಗ, ಮಾಡಿನ ಹೊರಬದಿಗೆ ಮಾತ್ರ ಬಿಳಿಗಾರ ಬಳಸಬಹುದು. ಒಂದು ಲೀಟರ್ ಬಿಸಿನೀರಿಗೆ 30 ಗ್ರಾಂ ಬಿಳಿಗಾರ, 20 ಗ್ರಾಂ ಬೋರಿಕ್ ಪೌಡರ್. ಪಾಲಿಶ್ ಇಲ್ಲದ ಮರಕ್ಕೆ ಎರಡು ಮೂರು ಸಲ ಹಚ್ಚಿ ಪೂರ್ತಿ ಒಣಗಿಸಿ. ಇದೂ ತಿಂದರೆ ವಿಷವೇ, ನೀರಿಗೆ ತೊಳೆದುಹೋಗುತ್ತದೆ ಬೇರೆ. ಆದ್ದರಿಂದ ಮೇಲೆ ಅರಗಿನ ಪಾಲಿಶ್ ಕೊಟ್ಟು ವಾಸನೆ ಪೂರ್ತಿ ಹೋಗುವವರೆಗೆ ನಾಯಿಯನ್ನು ಬಿಡಬೇಡಿ. ಪಾಲಿಶ್ ಕೆಳಗೂ, ಮೂಲೆಗೂ, ಕೊಯ್ದ ತುದಿಗೂ ಹತ್ತಬೇಕು, ಹುಳು ಮೊಟ್ಟೆ ಇಡುವುದು ಮುಚ್ಚದೆ ಬಿಟ್ಟ ಮರದ ಸೀಳಿನಲ್ಲಿ.

ಯಾರೋ ಆಗಲೇ ಔಷಧಿ ಹೊಡೆದಾಗಿದೆ, ಬೆಕ್ಕು ನಡುಗುತ್ತಿದೆ, ಜೊಲ್ಲು ಸುರಿಸುತ್ತಿದೆ ಅಂದರೆ ವಾಂತಿ ಮಾಡಿಸಲು ಹೋಗಬೇಡಿ. ಮೈಗೆ ತಾಗಿದ್ದರೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು, ಬಟ್ಟೆ ಸುತ್ತಿ ನೇರ ಮೃಗಾಸ್ಪತ್ರೆಗೆ. ಬಾಟ್ಲಿಯನ್ನೂ ಒಯ್ಯಿರಿ, ಡಾಕ್ಟರರು ಮೊದಲು ಕೇಳುವುದೇ ಯಾವ ಔಷಧಿ ಅಂತ.

ಬೆರಳಿನಲ್ಲಿ ಒತ್ತಿದರೆ ಹಲಗೆ ಕುಸಿಯುತ್ತದೆ ಅಂದರೆ ಇಷ್ಟೆಲ್ಲ ಶ್ರಮ ದಂಡ. ಬಣ್ಣ, ಔಷಧಿ ಕಾಣದ ಮರವಾದರೆ ಅದೇ ದಿನ ಬಚ್ಚಲೊಲೆಗೆ ಹಾಕಿ. ಸೌದೆ ಕೊಟ್ಟಿಗೆಯಲ್ಲಿ ‘ಆಮೇಲೆ ಉರಿಸುವಾ’ ಅಂತ ರಾಶಿ ಹಾಕಿದರೆ ಹುಳು ಅಲ್ಲಿಂದ ಹಾರಿ ಹೊಸ ಗೂಡಿಗೇ ಬರುತ್ತದೆ.