ಕಡ್ಡಿ ಅತ್ತೆಗೆ, ಪೆಟ್ಟಿಗೆ ತರಬೇತಿಗೆ

"ಇದೇನು ಅಂಗನವಾಡಿಯೇ?" ಎಂದು, ತರಬೇತಿಯ ಶುರುವಿಗೆ ಜನರ ಸಂಕೋಚ ಬಿಡಿಸಲು ನಾನು ಆಡಿಸುವ ಕಾಳಿನ ಆಟ ನೋಡಿ ನಕ್ಕ ತರಬೇತುದಾರರಲ್ಲಿ ಮೂವರು ಈಗ ಅದನ್ನೇ ಆಡಿಸುತ್ತಿದ್ದಾರೆ. ಒಬ್ಬರಂತೂ ಅದು ತಮ್ಮ ತಲೆಗೇ ಹೊಳೆದದ್ದು ಎನ್ನುತ್ತಾರಂತೆ. ಎನ್ನಲಿ. ಎಲ್ಲೆಲ್ಲಿ ಎಡವಿದೆ, ಎಷ್ಟು ಕೈ ಸುಟ್ಟುಕೊಂಡೆ ಎಂಬುದು ಮಾತ್ರ ನನ್ನ ಸ್ವಂತ ಆಸ್ತಿ. ಅದನ್ನು ಬರೆದಿಡುತ್ತೇನೆ.

ಧಾರವಾಡ, ಗದಗ, ಹಾವೇರಿ ಸುತ್ತಮುತ್ತ ಸ್ವಸಹಾಯ ಸಂಘಗಳಿಗೆ, ಗ್ರಾಮ ಪಂಚಾಯ್ತಿ ಸದಸ್ಯರಿಗೆ ತರಬೇತಿ ಕೊಡುತ್ತಾ ಹನ್ನೆರಡು ಹದಿಮೂರು ವರ್ಷವಾಯಿತು. ಮೊದಲ ಮುಕ್ಕಾಲು ಗಂಟೆಯ ಪಾಡು ಈ ಕೆಲಸದಲ್ಲಿರುವವರಿಗೆ ಗೊತ್ತೇ ಇದೆ. ಒಬ್ಬೊಬ್ಬರೇ ಎದ್ದು ಹೆಸರು, ಊರು ಹೇಳುತ್ತಾರೆ. ಮೂರನೆಯವರ ಹೊತ್ತಿಗೆ ಯಾರೂ ಯಾರನ್ನೂ ಕೇಳುತ್ತಿರುವುದಿಲ್ಲ. ಹಿಂದಿನ ಸಾಲಿನ ಹೆಣ್ಣುಮಕ್ಕಳು ಹೆಸರನ್ನು ಸೆರಗಿಗೆ ಹೇಳಿ ಕುಳಿತುಬಿಡುತ್ತಾರೆ.

ಇದನ್ನು ತಪ್ಪಿಸಲು ತರಬೇತುದಾರರ ಶಿಬಿರಗಳಲ್ಲಿ ಕಲಿತ ಆಟಗಳನ್ನೆಲ್ಲ ಹಳ್ಳಿಗೆ ಹೊತ್ತುಕೊಂಡು ಹೋದೆ. ಎಲ್ಲರೂ ಕೈ ಕೈ ಹಿಡಿದು ಸಿಕ್ಕಾಗಿ, ಕೈ ಬಿಡದೆ ಸಿಕ್ಕು ಬಿಡಿಸಿಕೊಳ್ಳುವ ಆಟ ಮೊದಲನೆಯದು. ವೃತ್ತದಲ್ಲಿ ಒಂದೇ ಮನೆಯ ಮಾವ, ಸೊಸೆ ಇದ್ದರು. ಆಕೆ ಮೀಸಲಾತಿಯಲ್ಲಿ ಗೆದ್ದು ಬಂದವಳು, ಆತ ಹಳೆಯ ಸದಸ್ಯ. ಇಬ್ಬರೂ ನೀರು ಕುಡಿಯುವ ನೆಪದಲ್ಲಿ ಎರಡು ಬಾಗಿಲಿನಿಂದ ಹೊರಗೆ ಹೋದರು, ಅವರ ಹಿಂದೆ ಇನ್ನೂ ಏಳೆಂಟು ಜನ. ಮುಟ್ಟುವ ಆಟದಲ್ಲಿ ಇದಕ್ಕಿಂತ ದೊಡ್ಡ ಮುಳ್ಳು ಬೇರೆ ಇದೆ. ಯಾರು ಯಾರ ಕೈ ಹಿಡಿಯುವುದಿಲ್ಲ ಎಂಬುದು ಎಲ್ಲರ ಕಣ್ಣೆದುರು ಬಯಲಾಗುತ್ತದೆ. ಕೇರಿಗಳನ್ನು ಒಂದು ಮಾಡಲು ಹೋದವಳು ನಡುವಿನ ಗೋಡೆಗೆ ಸುಣ್ಣ ಬಳಿದು ತೋರಿಸಿದ ಹಾಗಾಯಿತು. ಅಂದಿನಿಂದ ಯಾರ ಕೈಯನ್ನೂ ಯಾರಿಂದಲೂ ಹಿಡಿಸಿಲ್ಲ.

ಎರಡು ನಿಜ, ಒಂದು ಸುಳ್ಳು ಹೇಳುವ ಆಟದ ಕಥೆ ಇನ್ನೂ ಕೆಟ್ಟದ್ದು. ಸಂಘದ ಒಬ್ಬಾಕೆ ಸುಳ್ಳಿನ ಜಾಗದಲ್ಲಿ "ಸಂಘದ ಸಾಲ ಪೂರ್ತಿ ತೀರಿಸಿದ್ದೇನೆ" ಎಂದಳು. ಪಕ್ಕದವಳು ಲೆಕ್ಕದ ಪುಸ್ತಕ ತೆಗೆದಳು. ಜಗಳ ಊಟದವರೆಗೆ ನಡೆಯಿತು. ಉಲ್ಲನ್ ಉಂಡೆ ಎಸೆಯುವ ಆಟಕ್ಕೆ ಎಪ್ಪತ್ತೋ ಎಂಬತ್ತೋ ರೂಪಾಯಿ ಕೊಟ್ಟು ಉಂಡೆ ತಂದಿದ್ದೆ, ಸಿಕ್ಕು ಬಿಡಿಸುವುದರಲ್ಲೇ ರಾತ್ರಿ ಕಳೆಯಿತು.

ಗಾದೆಯ ಚೀಟಿಯಿಂದ ಸ್ವಲ್ಪ ದಾರಿ ಕಂಡಿತು. ಗಾದೆಯನ್ನು ಎರಡು ತುಂಡು ಮಾಡಿ ಹಂಚುವುದು, "ಕೈ ಕೆಸರಾದರೆ" ಸಿಕ್ಕವರು "ಬಾಯಿ ಮೊಸರು" ಹುಡುಕುವುದು. ಓದಿದವರಿದ್ದ ತಂಡದಲ್ಲಿ ಚೆನ್ನಾಗಿ ನಡೆಯಿತು. ಇನ್ನೊಂದು ಕಡೆ ಒಬ್ಬ ಅಜ್ಜಿ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಮನೆಗೆ ಹೋಗಿ ಮೊಮ್ಮಗನಿಂದ ಓದಿಸುತ್ತೇನೆ, ತಂಗಿ" ಎಂದು ಎಲೆ ಅಡಿಕೆಯ ಸಂಚಿಯೊಳಗೆ ಇಟ್ಟುಕೊಂಡರು. "ದೊಣ್ಣೆಗೆ ನಿಮಿಷ" ಹಿಡಿದ ಹುಡುಗ ತನ್ನ "ಕುಂಬಾರನಿಗೆ ವರುಷ" ಎಲ್ಲಿದೆಯೆಂದು ಕೊನೆಯವರೆಗೂ ಅಲೆದ. ನನಗೆ ನಾಚಿಕೆಯಾಯಿತು. ಅಜ್ಜಿ ಮಾತ್ರ ಸಂಚಿಯಿಂದ ಒಂದು ತಗಡಿನ ಡಬ್ಬಿ ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿ, "ಮೂರೇ ಹೋಳು ಉಳಿದಿವೆ" ಎಂದರು. ಮುಚ್ಚಳ ತೆಗೆದರೆ ಮೂರೇ ಅಡಿಕೆ ಹೋಳು.

ಕಾಳಿನ ಆಟ ಹುಟ್ಟಿದ್ದು ಅಲ್ಲಿ. ಕಡ್ಡಿಪೆಟ್ಟಿಗೆಗಳಲ್ಲಿ ಬೇರೆ ಬೇರೆ ಕಾಳು ತುಂಬಿ ಒಬ್ಬೊಬ್ಬರಿಗೆ ಒಂದೊಂದು ಕೊಡುವುದು. ಬಾಯಿ ಬಿಡುವಂತಿಲ್ಲ. ಅಲ್ಲಾಡಿಸಿ, ಇನ್ನೊಬ್ಬರದನ್ನು ಆಲಿಸಿ, ತಮ್ಮ ಸಪ್ಪಳದವರನ್ನು ಕಂಡುಹಿಡಿಯಬೇಕು.

ಕೇಳಲು ಸುಲಭ. ಮೊದಲ ಸಲ ಪೆಟ್ಟಿಗೆಯ ತುಂಬ ಕಾಳು ತುರುಕಿದ್ದೆ, ನಲವತ್ತರಲ್ಲಿ ಒಂದೂ ಸಪ್ಪಳ ಮಾಡಲಿಲ್ಲ. ಕಾಲು ಭಾಗಕ್ಕಿಂತ ಹೆಚ್ಚು ತುಂಬಬಾರದು. ಹುಣಸೆ ಬೀಜವಾದರೆ ನಾಲ್ಕೇ ಸಾಕು. ಜೋಳ ಮತ್ತು ಅಕ್ಕಿಯ ಸಪ್ಪಳ ಹೆಚ್ಚುಕಡಿಮೆ ಒಂದೇ, ಎರಡನ್ನೂ ಇಡಬೇಡಿ. ಶೇಂಗಾ ಸಿಪ್ಪೆ ಉದುರಿಸಿಕೊಂಡು ಮೆತ್ತಗಾಗುತ್ತದೆ. ಪೆಟ್ಟಿಗೆ ತೆರೆಯದಂತೆ ಮೈದಾ ಅಂಟು ಹಚ್ಚಿದ್ದೆ, ಇಲಿಗಳು ಅಂಟು, ಕಾಳು, ಪೆಟ್ಟಿಗೆ ಮೂರನ್ನೂ ಒಂದೇ ರಾತ್ರಿಯಲ್ಲಿ ಮುಗಿಸಿದವು. ಈಗ ಟೇಪು. ಮಳೆಗಾಲದಲ್ಲಿ ರಟ್ಟು ನೆನೆದು ಸಪ್ಪಳ ಮಂಕಾಗುತ್ತದೆ, ಹಿಂದಿನ ದಿನ ಬಿಸಿಲಿಗಿಡಬೇಕು. ಬಿಸಿಲಿಲ್ಲದಿದ್ದರೆ ಕಾಳನ್ನು ಬಾಣಲೆಯಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ ಬೇರೆ ಪೆಟ್ಟಿಗೆಗೆ ತುಂಬುತ್ತೇನೆ.

ಖರ್ಚಿನ ಮಾತು. ಪೆಟ್ಟಿಗೆಗೆ ಒಂದೇ ರೂಪಾಯಿ ಇದ್ದಾಗ ಶುರು ಮಾಡಿದ್ದು. 2021ರ ಡಿಸೆಂಬರ್‌ನಲ್ಲಿ ಅದು ಎರಡಾಯಿತು. ಕಾಳು, ಟೇಪು ಸೇರಿ ಒಂದು ತಂಡಕ್ಕೆ ನೂರೈವತ್ತರ ಆಚೀಚೆ. ಅದನ್ನು ಬಿಲ್ಲಿಗೆ ಹಾಕಿದರೆ ಒಂದು ಕಚೇರಿಯ ಲೆಕ್ಕದವರು "ತರಬೇತಿಗೂ ಕಡ್ಡಿಪೆಟ್ಟಿಗೆಗೂ ಏನು ಸಂಬಂಧ?" ಎಂದು ಕೆಂಪು ಶಾಯಿಯಲ್ಲಿ ಗೀಚಿ ಹಿಂದಕ್ಕೆ ಕಳುಹಿಸಿದರು. ಗೌರವಧನವೇ ಏಳೆಂಟು ತಿಂಗಳು ತಡವಾಗಿ ಬರುವಾಗ ನೂರೈವತ್ತಕ್ಕೆ ಜಗಳವಾಡುವುದು ಬೇಡವೆಂದು ಸುಮ್ಮನಾದೆ. ಮನೆಯಲ್ಲಿ ಇನ್ನೊಂದು ಪೇಚು. ಎರಡು ಸಾವಿರ ಕಡ್ಡಿಗಳನ್ನು ಡಬ್ಬಿಗೆ ಸುರಿದು ಅತ್ತೆಯವರಿಗೆ ಕೊಟ್ಟೆ. "ಗೀರುವ ಬದಿಯನ್ನೆಲ್ಲ ನೀನು ಒಯ್ದೆ. ದೇವರ ದೀಪಕ್ಕೆ ಇದನ್ನು ಗೋಡೆಗೆ ಗೀರಲೇನವ್ವಾ?" ಎಂದರು. ಆಮೇಲೆ ಚಹಾದಂಗಡಿ, ಪೂಜೆ ಸಾಮಾನಿನ ಅಂಗಡಿಗಳಲ್ಲಿ ಖಾಲಿ ಪೆಟ್ಟಿಗೆ ಕೂಡಿಡಲು ಹೇಳಿದೆ.

ಗುಂಪು ಕೂಡಿದ ಮೇಲೆ ಪೆಟ್ಟಿಗೆ ಬಿಚ್ಚಿ ನೋಡಲು ಹೇಳುತ್ತೇನೆ. ಹೆಸರು ಕೇಳುವುದೇ ಇಲ್ಲ. "ಈ ಕಾಳು ನಿಮ್ಮ ಮನೆಯಲ್ಲಿ ಏನೇನಾಗುತ್ತದೆ?" ಎಂದಷ್ಟೇ ಕೇಳುತ್ತೇನೆ. ಕಡಲೆಯವರು ಬೆಲೆ, ಹುಳ, ಹಿಂಗಾರು ಮಳೆ ಎಂದು ಶುರು ಮಾಡಿದರೆ ನಿಲ್ಲಿಸುವುದೇ ಕಷ್ಟ. ಕಾಲು ಗಂಟೆಯಲ್ಲಿ ಹೆಸರು ತಾನಾಗಿ ಬಂದಿರುತ್ತದೆ. ಯಾವ ಪೆಟ್ಟಿಗೆ ಯಾರ ಕೈಗೆ ಎಂಬುದು ಅದೃಷ್ಟಕ್ಕೆ ಬಿಟ್ಟ ಮಾತಲ್ಲ. ಬಾಗಿಲಲ್ಲಿ ಚಹಾ ಕೊಡುವಾಗಲೇ ಗುರುತು ಹಾಕಿಕೊಂಡಿರುತ್ತೇನೆ, ಹೇಗೆ ಎಂದು ಕೇಳಬೇಡಿ. ಒಂದು ಪೆಟ್ಟಿಗೆ ಖಾಲಿ ಇರುತ್ತದೆ. ಅದು ಯಾರಿಗೆ ಹೋಗುತ್ತದೆ, ಅವರಿಗೆ ಏನು ಹೇಳುತ್ತೇನೆ ಎಂಬುದೂ ನನ್ನ ಹೊಟ್ಟೆಪಾಡು.

ನಡುವೆ ಅಳಗುಳಿ ಮಣೆಯನ್ನೂ ಪರೀಕ್ಷಿಸಿದೆ. ಆಟ ಗೆದ್ದಿತು, ತರಬೇತಿ ಸೋತಿತು: ಮಧ್ಯಾಹ್ನ ಮೂರರವರೆಗೆ ಯಾರೂ ಮಣೆ ಬಿಟ್ಟು ಏಳಲಿಲ್ಲ. ರಂಗೋಲಿಯಲ್ಲಿ ನೆಲದ ಮೇಲೆ ತಾಲ್ಲೂಕಿನ ಹಳ್ಳಗಳನ್ನು ಎಳೆದು ಅವರವರ ಊರಿನ ಜಾಗದಲ್ಲಿ ನಿಲ್ಲಿಸುವುದು ಪರವಾಗಿಲ್ಲ, ಆದರೆ ಫ್ಯಾನಿನ ಗಾಳಿಗೆ ಹಳ್ಳ ದಿಕ್ಕು ಬದಲಿಸುತ್ತದೆ.

ಹೆಂಗಸರಿಗೆ ಮಾತ್ರ ಕಾಳಿನ ಆಟದ ಜೊತೆಗೆ ಒಡಪು, ಅಂದರೆ ಗಂಡನ ಹೆಸರು ಸೇರಿಸಿ ಹೇಳುವ ಪ್ರಾಸದ ಸಾಲು, ಸೇರಿಸುತ್ತೇನೆ. ಗಂಡನ ಹೆಸರನ್ನು ನೇರವಾಗಿ ಹೇಳದವರೂ ಒಡಪಿನಲ್ಲಿ ಹೇಳುತ್ತಾರೆ, ನಮ್ಮ ಕಡೆ ಮದುವೆ, ಸೀಮಂತದಲ್ಲಿ ಅದಿಲ್ಲದೆ ನಡೆಯದು. ಮೊದಲು ನಾನೇ ಶುರು ಮಾಡುತ್ತೇನೆ: "ಹೊಲಕ್ಕೆ ಚಂದ ಜೋಳ, ಜೋಳಕ್ಕೆ ಚಂದ ತೆನೆ, ರಾಯರ ಹೆಸರು ಕೇಳುವವರು ಮೊದಲು ಹಾಕಿ ಮಣೆ." 2020ರ ಡಿಸೆಂಬರ್‌ನ ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ ಗೆದ್ದವರ ಒಂದು ತಂಡದಲ್ಲಿ, ಎಲ್ಲರೂ ಮಾಸ್ಕಿನೊಳಗೆ ಗುಯ್‌ಗುಟ್ಟುತ್ತಿದ್ದಾಗ, ಒಬ್ಬಾಕೆ ಎದ್ದು ಮಾಸ್ಕು ಕೆಳಗಿಳಿಸಿದಳು. "ಸೂರಿಗೆ ತೂಗಿದ ಫ್ಯಾನು, ಫ್ಯಾನಿನ ಕೆಳಗೆ ಕುರ್ಚಿ, ಕುರ್ಚಿಯಲ್ಲಿ ನಮ್ಮ ರಾಯರು, ಗೆದ್ದವಳು ಮಾತ್ರ ನಾನು!" ರಾಯರು ಹಿಂದಿನ ಕುರ್ಚಿಯಲ್ಲೇ ಕುಳಿತಿದ್ದರು. ಸಭಾಂಗಣ ಎರಡು ನಿಮಿಷ ನಕ್ಕಿತು. ಆತ ಕೂಡ ನಕ್ಕು, ಮರುದಿನ ಬರಲಿಲ್ಲ. ಆಕೆ ಬಂದಳು.

ಆಟ ಫಲಿಸಿತೋ ಇಲ್ಲವೋ ಎಂದು ಊಟದಲ್ಲಿ ಎಣಿಸುತ್ತೇನೆ. ಮೊದಲೆಲ್ಲ ನಲವತ್ತರಲ್ಲಿ ಐದಾರು ಜನ ಬೇರೆ ಊರಿನವರ ಪಕ್ಕ ಕೂರುತ್ತಿದ್ದರು. ಈಗ ಇಪ್ಪತ್ತು ದಾಟುತ್ತದೆ. ಒಮ್ಮೆ ಇಪ್ಪತ್ತೇಳು ಎಣಿಸಿದ್ದೆ.

ಈಗ ಕಾಳು ತುಂಬುವ ಕೆಲಸ ಅತ್ತೆಯವರದು. ಈ ಸಲ ಅಲಸಂದೆ ಸೇರಿಸಿದ್ದಾರೆ. ಕಡಲೆಗೂ ಅದಕ್ಕೂ ಸಪ್ಪಳ ಒಂದೇ ಆಗುತ್ತದೆ ಎಂದರೆ, ನನ್ನ ಕಿವಿಯ ದೋಷ ಎನ್ನುತ್ತಾರೆ.