ಯಾವ ಬಟ್ಟೆ ಇಟ್ಟುಕೊಳ್ಳಲಿ? ಹಾಕಿಕೊಂಡು ನೋಡಿಯೇ ತೀರ್ಮಾನಿಸಿ

ಬೀರು ಹಗುರ ಮಾಡಲು ಕೂತವರು ಸೋಲುವುದು ಹೆಚ್ಚಾಗಿ ಒಂದೇ ಕಡೆ. ಬಟ್ಟೆಯನ್ನು ಕೈಯಲ್ಲಿ ಹಿಡಿಯುತ್ತೇವೆ, ಕೊಂಡ ದಿನ ನೆನಪಾಗುತ್ತದೆ, "ಇರಲಿ ಬಿಡು" ಎಂದು ಮತ್ತೆ ಮಡಚಿ ಒಳಗಿಡುತ್ತೇವೆ. ನಾನೂ ಎಷ್ಟೋ ವರ್ಷ ಹೀಗೇ ಮಾಡಿದೆ. ಕೈಯಲ್ಲಿ ಹಿಡಿದಾಗ ಎಲ್ಲ ಬಟ್ಟೆಯೂ ಚೆನ್ನಾಗಿಯೇ ಕಾಣುತ್ತದೆ. ಅದು ನಮಗೆ ಆಗುತ್ತದೋ ಇಲ್ಲವೋ ಎಂಬುದು ಮೈಮೇಲೆ ಬಂದಾಗಲೇ ತಿಳಿಯುವುದು. ಹಾಗಾಗಿ ಮೊದಲು ಒಂದು ಉದ್ದ ಕನ್ನಡಿ ಹೊಂದಿಸಿಕೊಳ್ಳಿ.

ಒಂದು ಸಲಕ್ಕೆ ಒಂದೇ ಬಗೆ

ಇಡೀ ಬೀರುವನ್ನು ಮಂಚದ ಮೇಲೆ ಸುರಿಯಬೇಡಿ. ರಾತ್ರಿ ಮಲಗಲು ಜಾಗ ಬೇಕಲ್ಲ ಎಂದು ಎಲ್ಲವನ್ನೂ ವಾಪಸ್ ತುರುಕುವುದರಲ್ಲಿ ಅದು ಮುಗಿಯುತ್ತದೆ. ಇವತ್ತು ಅಂಗಿಗಳು ಅಂದರೆ ಬರೀ ಅಂಗಿಗಳು. ಒಗೆಯಲು ಹಾಕಿದ್ದು, ಬಾಗಿಲ ಹಿಂದೆ ನೇತಾಡುತ್ತಿರುವುದು, ಇಸ್ತ್ರಿಗೆಂದು ತೆಗೆದಿಟ್ಟಿದ್ದು, ಎಲ್ಲವನ್ನೂ ಒಂದು ಕಡೆ ಸೇರಿಸಿ. ನಮ್ಮ ಹತ್ತಿರ ಒಂದೇ ಥರದ ಐದು ನೀಲಿ ಅಂಗಿಗಳಿವೆ ಎಂದು ಗೊತ್ತಾಗುವುದು ಆಗಲೇ.

ಇದೇ ಮೊದಲ ಸಲವಾದರೆ ಒಳುಡುಪು, ಕಾಲುಚೀಲದಿಂದ ಶುರು ಮಾಡಿ. ಎಲಾಸ್ಟಿಕ್ ಸಡಿಲವಾಗಿದೆಯಾ? ತೆಗೆಯಿರಿ. ಯೋಚನೆಯೇ ಬೇಡ.

ಹಾಕಿಕೊಂಡು ಕೂತು ನೋಡಿ

ಬರೀ ನಿಂತು ನೋಡಿದರೆ ಸಾಲದು. ಕುರ್ಚಿಯಲ್ಲಿ ಕೂರಿ. ಎರಡೂ ಕೈ ಮೇಲೆತ್ತಿ. ನೆಲದ ಮೇಲಿನ ವಸ್ತು ಎತ್ತುವಂತೆ ಬಗ್ಗಿ. ಗುಂಡಿಗಳ ನಡುವೆ ಬಾಯಿ ಬಿಡುತ್ತದೆಯೇ? ಭುಜದ ಹೊಲಿಗೆ ಭುಜದ ತುದಿಯಲ್ಲೇ ಕೂರುತ್ತದೆಯೇ? ಆಮೇಲೆ ಅದನ್ನು ಹಾಕಿಕೊಂಡೇ ಹತ್ತು ನಿಮಿಷ ಬೇರೆ ಕೆಲಸ ಮಾಡಿ. ಅಷ್ಟರಲ್ಲಿ ಎರಡು ಮೂರು ಸಲ ಎಳೆದು ಸರಿ ಮಾಡಿಕೊಂಡಿರಿ ಅಂದರೆ ಆ ಬಟ್ಟೆ ನಿಮಗೆ ಆಗುತ್ತಿಲ್ಲ.

ಕಿಟಕಿಯ ಬೆಳಕಿನಲ್ಲಿ ಕಂಕುಳು, ಕಾಲರಿನ ಅಂಚು, ಪ್ಯಾಂಟಿನ ತೊಡೆಸಂದು ನೋಡಿ. ಬಟ್ಟೆ ಬೇಗ ಸವೆಯುವ ಜಾಗಗಳು ಇವು. ಗುಂಡಿ, ಜಿಪ್, ಉದ್ದ, ಸ್ವಲ್ಪ ಸೊಂಟ ಇವನ್ನು ಟೈಲರ್ ಸರಿ ಮಾಡಿಕೊಡಬಹುದು. ಭುಜದ ಅಳತೆ ತಪ್ಪಿದ್ದರೆ ತೋಳನ್ನೇ ಬಿಚ್ಚಿ ಮತ್ತೆ ಹೊಲಿಯಬೇಕು, ಆ ಗೋಜಿಗೆ ಹೋಗುವುದು ಬೇಡ. ಹಿಗ್ಗುವ ಬಟ್ಟೆ ಒಮ್ಮೆ ಜೋತು ಬಿದ್ದರೆ ಮೊದಲಿನಂತೆ ಆಗುವುದಿಲ್ಲ.

ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆ

ನಮ್ಮದು ಎಂದಾದ ಕೂಡಲೇ ವಸ್ತುವಿನ ಬೆಲೆ ನಮ್ಮ ಕಣ್ಣಿಗೆ ಏರಿಬಿಡುತ್ತದೆ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್, ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಮತ್ತು ಅವರ ಜೊತೆಗಾರರು 1990ರಲ್ಲಿ ಇದರ ಬಗ್ಗೆ ಒಂದು ಪ್ರಯೋಗ ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳಿಗೆ ಕಾಫಿ ಮಗ್ ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಎಂದು ಕೇಳಿದರು. ಮಗ್ ಸಿಗದವರನ್ನು ಎಷ್ಟಕ್ಕೆ ಕೊಳ್ಳುತ್ತೀರಿ ಎಂದು ಕೇಳಿದರು. ಸಿಕ್ಕವರು ಹೇಳಿದ ಬೆಲೆ ಹೆಚ್ಚು ಕಡಿಮೆ ಎರಡು ಪಟ್ಟು ಇತ್ತು. ಮಗ್ ಅವರ ಕೈಗೆ ಬಂದು ತುಂಬಾ ಹೊತ್ತೂ ಆಗಿರಲಿಲ್ಲ. ಹತ್ತು ವರ್ಷ ಜೊತೆಗಿದ್ದ ಕೋಟಿನ ಮೇಲೆ ನಮಗೆ ಎಷ್ಟು ಮೋಹ ಇರಬೇಡ!

ಅದಕ್ಕೇ "ಇದನ್ನು ಬಿಡಲಾ?" ಎಂದು ಕೇಳಿಕೊಳ್ಳಬೇಡಿ. "ಇದು ಇವತ್ತು ಅಂಗಡಿಯಲ್ಲಿ ಕಂಡರೆ ದುಡ್ಡು ಕೊಟ್ಟು ತರುತ್ತೇನಾ?" ಎಂದು ಕೇಳಿಕೊಳ್ಳಿ. ಆಗ ಕೊಟ್ಟ ದುಡ್ಡು ಆಗಲೇ ಹೋಯಿತು. ಬಟ್ಟೆ ಬೀರುವಿನಲ್ಲಿ ಕೂತರೆ ಅದು ವಾಪಸ್ ಬರುವುದಿಲ್ಲ ಅಲ್ವಾ?

"ತೂಕ ಇಳಿದ ಮೇಲೆ ಹಾಕಿಕೊಳ್ಳುತ್ತೇನೆ" ಎಂದು ಇಟ್ಟ ಬಟ್ಟೆಗಳ ಬಗ್ಗೆ ಸ್ವಲ್ಪ ಹೇಳಬೇಕು. ಬೀರು ತೆಗೆದಾಗಲೆಲ್ಲ ಅವು ನಮ್ಮನ್ನು ಚುಚ್ಚುತ್ತವೆ. ಹೆರಿಗೆ, ಕಾಯಿಲೆ, ವಯಸ್ಸು ಮೈಯನ್ನು ಬದಲಿಸುತ್ತವೆ, ಅದರಲ್ಲಿ ನಮ್ಮ ತಪ್ಪೇನೂ ಇಲ್ಲ. ಹೆರಿಗೆಯಾಗಿ ಕೆಲವೇ ತಿಂಗಳಾಗಿದ್ದರೆ ಹಳೆಯ ಅಳತೆಯವನ್ನು ಪೆಟ್ಟಿಗೆಗೆ ಹಾಕಿ ಮೇಲಿಡಿ. ಐದಾರು ವರ್ಷದಿಂದ ಕಾಯುತ್ತಿರುವ ಪ್ಯಾಂಟನ್ನು ಮಾತ್ರ ಕಳಿಸಿಬಿಡಿ. ಈಗಿನ ಮೈಗೆ ಒಪ್ಪುವ ಒಂದು ಒಳ್ಳೆಯ ಪ್ಯಾಂಟು ಅದಕ್ಕಿಂತ ಎಷ್ಟೋ ಮೇಲು.

ನೆನಪಿನ ಬಟ್ಟೆಗಳಿಗೆ ಈ ಯಾವ ಪರೀಕ್ಷೆಯೂ ಬೇಡ. ಅಪ್ಪ ತೀರಿಕೊಂಡ ಮೇಲೆ ಅವರ ಬಟ್ಟೆ ಮುಟ್ಟಲು ನನಗೆ ಎರಡು ವರ್ಷ ಬೇಕಾಯಿತು. ಕೊನೆಗೆ ಮೊಣಕೈ ಸವೆದ ಒಂದು ಬೂದು ಸ್ವೆಟರ್ ಉಳಿಸಿಕೊಂಡೆ. ಅದು ನನ್ನ ಅಳತೆಯದ್ದಲ್ಲ, ಹಾಕಿಕೊಳ್ಳುವುದೂ ಇಲ್ಲ. ಆದರೂ ಅದು ನನ್ನ ಹತ್ತಿರ ಇರಬೇಕು. ಇಂಥವಕ್ಕೆ ಒಂದು ಸಣ್ಣ ಪೆಟ್ಟಿಗೆ ಬೇರೆ ಇಡಿ, ದಿನದ ಬಟ್ಟೆಗಳ ಜೊತೆ ಬೆರೆಸಬೇಡಿ.

ಅನುಮಾನ ಇದ್ದರೆ

ಎಷ್ಟು ನೋಡಿದರೂ ಮನಸ್ಸು ಗಟ್ಟಿಯಾಗದ ಬಟ್ಟೆಗಳನ್ನು ಒಂದು ಚೀಲಕ್ಕೆ ಹಾಕಿ, ಮೇಲೆ ತಾರೀಕು ಬರೆಯಿರಿ. ಆರು ತಿಂಗಳಲ್ಲಿ ಹುಡುಕಿಕೊಂಡು ಹೋಗಿ ತೆಗೆದದ್ದು ಉಳಿಯಲಿ. ಬೀರುವಿನಲ್ಲಿ ಉಳಿದವನ್ನು ಹ್ಯಾಂಗರಿನ ಕೊಕ್ಕೆ ಹಿಂದುಮುಂದಾಗಿ ನೇತುಹಾಕಿ. ಹಾಕಿಕೊಂಡ ಮೇಲೆ ಸರಿಯಾಗಿ ತಿರುಗಿಸಿ. ಕೆಲವು ತಿಂಗಳ ನಂತರವೂ ತಿರುಗದೆ ಉಳಿದ ಕೊಕ್ಕೆಗಳು ಯಾವುವು ಎಂದು ನೋಡಿ.

ಉಳಿಸಿಕೊಂಡದ್ದನ್ನು ಇಡುವ ಬಗೆ

ಸ್ವೆಟರ್ ಮಡಚಿಡಿ, ನೇತುಹಾಕಿದರೆ ತನ್ನ ಭಾರಕ್ಕೇ ಜಗ್ಗುತ್ತದೆ. ರೇಷ್ಮೆಯನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಆಗಾಗ ಮಡಿಕೆ ಬದಲಿಸಿ, ಇಲ್ಲದಿದ್ದರೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಉಣ್ಣೆ, ರೇಷ್ಮೆಯನ್ನು ತಿನ್ನುವುದು ನುಸಿಯ ಮರಿಹುಳುಗಳು. ಬೆವರು, ಎಣ್ಣೆಯ ಕಲೆ ಇರುವ ಬಟ್ಟೆ ಅವಕ್ಕೆ ಇನ್ನೂ ಇಷ್ಟ. ಒಂದೇ ಸಲ ಹಾಕಿದ್ದಾದರೂ ಶುಚಿ ಮಾಡಿಯೇ ಒಳಗಿಡಿ. ನುಸಿಗುಳಿಗೆ ಮಕ್ಕಳ ಕೈಗೆ ಸಿಗದಿರಲಿ. ಅದರ ವಾಸನೆ ಹಿಡಿದ ಬಟ್ಟೆಯನ್ನು ಗಾಳಿಗೆ ಹಾಕಿ, ಒಗೆದು ಆಮೇಲೆ ತೊಡಿ. ಕೂಸುಗಳ ಬಟ್ಟೆಯ ಹತ್ತಿರ ಅದನ್ನು ಇಡಲೇಬೇಡಿ.

ಕೊಡುವ ಬಟ್ಟೆ ಒಗೆದಿರಲಿ, ಗುಂಡಿಗಳು ಪೂರ್ತಿ ಇರಲಿ. ಹರಿದದ್ದನ್ನು ಇನ್ನೊಬ್ಬರಿಗೆ ಕೊಡುವುದು ಸರಿಯಲ್ಲ. ಅದು ಹತ್ತಿಯದಾದರೆ ಕತ್ತರಿಸಿ ಒರೆಸುವ ಬಟ್ಟೆ ಮಾಡಿಕೊಳ್ಳಿ. ಪಾಲಿಯೆಸ್ಟರ್ ನೀರು ಹೀರುವುದಿಲ್ಲ, ಆ ಕೆಲಸಕ್ಕೆ ಬಾರದು. ಕೊಡುವ ಬಟ್ಟೆಯ ಚೀಲ ತುಂಬಿದ ವಾರದಲ್ಲೇ ಮನೆಯಿಂದ ಹೊರಗೆ ಹೋಗಲಿ, ಮೂಲೆಯಲ್ಲಿ ಕೂತರೆ ಒಂದೊಂದೇ ಬಟ್ಟೆ ವಾಪಸ್ ಬೀರು ಸೇರುತ್ತದೆ. ಬಾಯಿ ಕಟ್ಟುವ ಮುಂಚೆ ಎಲ್ಲ ಜೇಬುಗಳನ್ನೂ ಒಮ್ಮೆ ನೋಡಿ.