ಮೊದಲು ಹೊಲಿಗೆ ಡಬ್ಬಿಯ ಟೇಪು ತೆಗೆಯಿರಿ

ಡೊಂಬಿವಲಿ ಲೋಕಲಿನ ಲೇಡೀಸ್ ಡಬ್ಬಾದಲ್ಲಿ ನಾವು ಕನ್ನಡದವರು ನಾಲ್ಕೈದು ಜನ ಒಟ್ಟಿಗೆ ಕೂರುತ್ತೇವೆ. ಬಟಾಣಿ ಸುಲಿಯುತ್ತಾ ಸೊಸೆ, ಬಾಡಿಗೆ, ಮಂಡಿನೋವು ಎಲ್ಲ ಮಾತಾಡುತ್ತೇವೆ. ಗರ್ಭಕೋಶ ಅಂದರೆ ಮಾತ್ರ ದನಿ ತಗ್ಗುತ್ತದೆ. ಗರ್ಭಕೋಶ, ಅದರ ಬಾಯಿಯಾದ ಗರ್ಭಕಂಠ, ಅಂಡಾಶಯ, ಇವುಗಳ ಕ್ಯಾನ್ಸರ್ ಬಗ್ಗೆ ಇಲ್ಲಿ ಜೋರಾಗಿಯೇ ಹೇಳುತ್ತೇನೆ.

ಮೊದಲು ಟೇಪು ತೆಗೆಯಿರಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಸುತ್ತಿ, ಉಸಿರು ಬಿಟ್ಟು ಅಳೆಯಿರಿ. ಹೊಟ್ಟೆ ಒಳಗೆ ಎಳೆದುಕೊಂಡರೆ ಮೋಸ ಹೋಗುವುದು ಟೇಪು, ಕೊಬ್ಬಲ್ಲ. 80 ಸೆಂಟಿಮೀಟರ್ ದಾಟಿತೋ, ಎಚ್ಚರ. ಕೊಬ್ಬು ಸುಮ್ನೆ ಕೂತಿರುವುದಿಲ್ಲ, ಗರ್ಭಕೋಶದ ಒಳಪದರ ಬೆಳೆಸುವ ಈಸ್ಟ್ರೊಜೆನ್ ಎಂಬ ಹಾರ್ಮೋನು ತಯಾರಿಸುತ್ತದೆ. ಮುಟ್ಟು ನಿಂತ ಮೇಲೆ ಅಂಡಾಶಯ ಆ ಕೆಲಸ ಬಹುಪಾಲು ನಿಲ್ಲಿಸಿದರೂ ಕೊಬ್ಬು ನಿಲ್ಲಿಸುವುದಿಲ್ಲ. ಈಸ್ಟ್ರೊಜೆನ್ನಿಗೆ ಕಡಿವಾಣ ಹಾಕುವ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ಆಗ ಇರುವುದಿಲ್ಲ. ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುತ್ತದೆ. ಬೊಜ್ಜಿಗೂ ಗರ್ಭಕೋಶದ ಕ್ಯಾನ್ಸರಿಗೂ ನಂಟು ಬೆಳೆಯುವುದು ಹೀಗೆ. ಸಕ್ಕರೆ ಕಾಯಿಲೆ, ಪಿಸಿಒಎಸ್ (ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ) ಇದ್ದರೆ ಅಪಾಯ ಇನ್ನೂ ಜಾಸ್ತಿ.

ಆಮೇಲೆ ನಡಿಗೆ. ವಾರಕ್ಕೆ 150 ನಿಮಿಷ, ಬಿರುಸಾಗಿ. ಸ್ಟೇಷನ್ನಿನಿಂದ ಮನೆಗೆ ಶೇರ್ ರಿಕ್ಷಾ ಬಿಟ್ಟರೆ ಅರ್ಧ ಲೆಕ್ಕ ಮುಗಿಯಿತು. ವಡಾಪಾವ್ ಪೂರ್ತಿ ಬಿಡಿ ಅನ್ನಲಾರೆ, ನಾನೇ ಬಿಟ್ಟಿಲ್ಲ. ದಿನಾ ಬೇಡ, ಅಷ್ಟೇ.

ಬೀಡಿ, ಸಿಗರೇಟಿನ ವಿಷ ಗರ್ಭಕಂಠದ ತನಕ ಹೋಗುತ್ತದೆ. ಅಲ್ಲಿ ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ ಸೇರಿದ್ದರೆ ಅದನ್ನು ಓಡಿಸುವ ಶಕ್ತಿ ಕುಗ್ಗುತ್ತದೆ. "ನಾನು ಸೇದಲ್ಲ, ಬರೀ ಮಿಶ್ರಿ ಉಜ್ಜುತ್ತೇನೆ" ಅನ್ನುವವರೂ ಈ ಕಡೆ ಇದ್ದಾರೆ. ಮಿಶ್ರಿ ಅಂದರೆ ಸುಟ್ಟ ತಂಬಾಕಿನ ಪುಡಿಯೇ ಅಲ್ವಾ? ಬಾಯಿಯ ಕ್ಯಾನ್ಸರಿಗೆ ಅದೇ ಸಾಕು.

ಇಷ್ಟು ಮಾಡಿ ನಿಶ್ಚಿಂತೆ ಅಂದುಕೊಳ್ಳಬೇಡಿ. ಗರ್ಭಕಂಠದ ಕ್ಯಾನ್ಸರಿಗೆ ಮೂಲ ಆ ಎಚ್‌ಪಿವಿ ವೈರಸ್ಸೇ, ಅದು ತೆಳ್ಳಗಿದ್ದವರನ್ನೂ ಬಿಡದು. 30 ದಾಟಿದ ಮೇಲೆ ಪರೀಕ್ಷೆ ಮಾಡಿಸಿಕೊಳ್ಳಿ. ವಿನೆಗರ್ ಪರೀಕ್ಷೆಯಲ್ಲಿ ಗರ್ಭಕಂಠಕ್ಕೆ ತೆಳು ವಿನೆಗರ್ ಹಚ್ಚಿ ಒಂದು ನಿಮಿಷ ಬಿಟ್ಟು ನೋಡುತ್ತಾರೆ; ಅನುಮಾನದ ಜಾಗ ಬೆಳ್ಳಗಾಗುತ್ತದೆ. ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಿಂದ ಮುಂಬೈ ಕೊಳೆಗೇರಿಗಳಲ್ಲಿ ಇದನ್ನೇ ಮಾಡಿದರು. ಪರೀಕ್ಷೆಯಾದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಶೇಕಡಾ 31ರಷ್ಟು ಇಳಿದಿತ್ತು ಎಂದು 2013ರಲ್ಲಿ ಹೇಳಿದರು. ಮನೆಯಲ್ಲಿ 9ರಿಂದ 14 ವರ್ಷದ ಹುಡುಗಿ ಇದ್ದರೆ ಎಚ್‌ಪಿವಿ ಲಸಿಕೆಯ ಬಗ್ಗೆಯೂ ಕೇಳಿ.

ಅಂಡಾಶಯದ ಕ್ಯಾನ್ಸರಿಗೆ ಇಂಥ ಸುಲಭ ಪರೀಕ್ಷೆ ಇಲ್ಲ. ಎರಡು ಮೂರು ವಾರ ಹೊಟ್ಟೆ ಉಬ್ಬರ ಬಿಡದಿದ್ದರೆ, ಎರಡು ತುತ್ತಿಗೇ ಹೊಟ್ಟೆ ತುಂಬಿದರೆ, ಗ್ಯಾಸ್ ಅಂತ ಜೀರಾ ಕುಡಿದು ಕೂರಬೇಡಿ.

ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಆ ವಾರವೇ ಡಾಕ್ಟರ ಹತ್ತಿರ ಹೋಗಿ. ಗಣಪತಿ ಮುಗಿಯಲಿ, ಮಗಳ ಪರೀಕ್ಷೆ ಮುಗಿಯಲಿ ಅನ್ನಬೇಡಿ.